ಹುಣಸೆ ಬೀಜ ಇಟ್ಟು ಪೋಕರ್ ಕಲಿಯೋಣ

(ಊರಿನ ಗ್ರಂಥಾಲಯದ ಸಂಜೆ ಮಾತುಕತೆಯಲ್ಲಿ ಆಡಿದ ಮಾತುಗಳನ್ನು ಸ್ವಲ್ಪ ತಿದ್ದಿ ಬರೆದದ್ದು. ಕೊನೆಯಲ್ಲಿ ಕೆಲವು ಪ್ರಶ್ನೋತ್ತರಗಳಿವೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ರಮ್ಮಿ ಬರದವರು ಯಾರಾದರೂ ಇದ್ದೀರಾ? ಒಬ್ಬಿಬ್ಬರು ಕೈ ಎತ್ತಿದಿರಿ. ಮೂರೆಲೆ ಆಟ ಬರುವವರು? ಈಗ ಯಾರೂ ಕೈ ಎತ್ತುತ್ತಿಲ್ಲ, ಸುಮ್ನೆ ನಗ್ತಾ ಇದ್ದೀರಿ. ಸರಿ, ಅರ್ಥ ಆಯ್ತು. ಅಂದ್ರೆ ಪೋಕರ್‌ನ ಅರ್ಧ ನಿಮಗೆ ಆಗಲೇ ಗೊತ್ತಿದೆ. ಆ ಅರ್ಧವೇ ಆಮೇಲೆ ತೊಂದರೆ ಕೊಡೋದು, ಅದನ್ನೂ ಹೇಳ್ತೀನಿ.

ಪೋಕರ್ ಕಲಿಸುವವರು ಸಾಮಾನ್ಯವಾಗಿ ಮೊದಲಿಗೆ ಒಂದು ಪಟ್ಟಿ ಕೊಡುತ್ತಾರೆ. ಯಾವ ಕೈ, ಅಂದರೆ ಯಾವ ಎಲೆಗಳ ಜೋಡಣೆ ದೊಡ್ಡದು, ಯಾವುದು ಚಿಕ್ಕದು ಅಂತ. ಅದನ್ನು ಬಾಯಿಪಾಠ ಮಾಡಿ ಆಟಕ್ಕೆ ಕೂತವರು ಮೊದಲ ಸುತ್ತಿನಲ್ಲೇ ತಬ್ಬಿಬ್ಬಾಗುತ್ತಾರೆ. ಯಾಕಂದ್ರೆ ಈ ಆಟದಲ್ಲಿ ಎಷ್ಟೋ ಸಲ ಎಲೆ ತೋರಿಸುವ ಪ್ರಸಂಗವೇ ಬರುವುದಿಲ್ಲ. ಒಬ್ಬರು ಬೆಟ್ ಮಾಡುತ್ತಾರೆ, ಉಳಿದವರು ಎಲೆ ಬಿಡುತ್ತಾರೆ, ಮುಗೀತು. ಗೆದ್ದವರ ಕೈಯಲ್ಲಿ ಏನಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಬೆಟ್ಟಿಂಗ್‌ನಿಂದ ಶುರು ಮಾಡುತ್ತೇನೆ. ಪಟ್ಟಿ ಆಮೇಲೆ.

ಮೇಜಿನ ಮೇಲೆ ಹುಣಸೆ ಬೀಜದ ಡಬ್ಬಿ ಯಾಕಿದೆ ಅಂತ ಬಂದಾಗಿನಿಂದ ಕೇಳ್ತಾ ಇದ್ದೀರಿ. ಇವತ್ತು ದುಡ್ಡು ಬೇಡ. ಆದರೆ ಏನನ್ನೂ ಇಡದೆ ಪೋಕರ್ ಆಡೋಕೆ ಆಗೋದಿಲ್ಲ. ಕಳೆದುಕೊಳ್ಳೋಕೆ ಏನೂ ಇಲ್ಲದಿದ್ದರೆ ಎಲ್ಲರೂ ಎಲ್ಲದಕ್ಕೂ ಹೂಂ ಅಂತಾರೆ, ಯಾರೂ ಎಲೆ ಬಿಡೋದಿಲ್ಲ, ಆಟದಲ್ಲಿ ಹುರುಳೇ ಇರೋದಿಲ್ಲ. ಅದಕ್ಕೆ ಒಬ್ಬೊಬ್ಬರಿಗೆ ನೂರು ಬೀಜ. ಮುಗಿದರೆ ಮತ್ತೆ ಸಿಗೋದಿಲ್ಲ ಅನ್ನೋದೊಂದೇ ಷರತ್ತು.

ಪೋಕರ್ ಅಂದರೆ ಒಂದೇ ಆಟ ಅಲ್ಲ, ಅದೊಂದು ದೊಡ್ಡ ಕುಟುಂಬ. ಅಮೆರಿಕದ ನ್ಯೂ ಆರ್ಲಿಯನ್ಸ್ ಮತ್ತು ಮಿಸಿಸಿಪಿ ನದಿಯ ಹಡಗುಗಳಲ್ಲಿ 19ನೇ ಶತಮಾನದ ಮೊದಲ ಭಾಗದಲ್ಲಿ ಇದು ಹರಡಿತು. ಆಗ ಬರೀ 20 ಎಲೆಗಳಲ್ಲೂ ಆಡುತ್ತಿದ್ದರು. ಈಗ ಜಗತ್ತಿನಲ್ಲಿ ಜಾಸ್ತಿ ಆಡುವುದು ಟೆಕ್ಸಾಸ್ ಹೋಲ್ಡೆಮ್. ಅದರ ತವರು ಟೆಕ್ಸಾಸ್‌ನ ರಾಬ್ಸ್‌ಟೌನ್ ಅನ್ನುವ ಸಣ್ಣ ಊರು ಅಂತ ಅಲ್ಲಿನ ಶಾಸನಸಭೆಯೇ 2007ರಲ್ಲಿ ನಿರ್ಣಯ ಮಾಡಿದೆ. ಅಲ್ಲಿಂದ 1960ರ ದಶಕದಲ್ಲಿ ಲಾಸ್ ವೇಗಾಸ್‌ಗೆ ಬಂತು. 1970ರಲ್ಲಿ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೋದಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್ ಶುರುವಾಯಿತು. ಆ ಮೊದಲ ವರ್ಷ ಗೆದ್ದವರು ಜಾನಿ ಮಾಸ್. ಅವರನ್ನು ಆರಿಸಿದ್ದು ಆಟಗಾರರೇ, ಓಟು ಹಾಕಿ! ಇರಲಿ, ಚರಿತ್ರೆ ಇಷ್ಟು ಸಾಕು. ಇವತ್ತು ನಾವು ಕಲಿಯುವುದು ಹೋಲ್ಡೆಮ್.

ಒಂದು ಕಟ್ಟು ಇಸ್ಪೀಟು, 52 ಎಲೆ. ಜೋಕರ್ ತೆಗೆದಿಡಿ. ಎಲ್ಲರಿಗೂ ಎರಡೆರಡು ಎಲೆ ಕವುಚಿ ಹಾಕುತ್ತೇವೆ. ಅದು ಅವರವರ ಗುಟ್ಟು. ಆಮೇಲೆ ಮೇಜಿನ ನಡುವೆ ಐದು ಎಲೆ ಮುಖ ಮೇಲೆ ಮಾಡಿ ಹಾಕುತ್ತೇವೆ. ಅದು ಎಲ್ಲರದ್ದು. ಕೈಯಲ್ಲಿರುವ ಎರಡು, ನಡುವಿನ ಐದು, ಒಟ್ಟು ಏಳು. ಅದರಲ್ಲಿ ಚೆನ್ನಾಗಿರುವ ಐದನ್ನು ಆರಿಸಿಕೊಳ್ಳಬೇಕು. ಕೈಯ ಎರಡನ್ನೂ ಬಳಸಬಹುದು, ಒಂದನ್ನೇ ಬಳಸಬಹುದು, ಬೇಕಿದ್ದರೆ ಎರಡನ್ನೂ ಬಿಟ್ಟು ನಡುವಿನ ಐದನ್ನೇ ಆಡಬಹುದು.

ನಡುವಿನ ಐದು ಎಲೆ ಒಟ್ಟಿಗೆ ಬರುವುದಿಲ್ಲ. ಮೊದಲು ಮೂರು, ಅದು ಫ್ಲಾಪ್. ಆಮೇಲೆ ಒಂದು, ಅದು ಟರ್ನ್. ಕೊನೆಗೆ ಇನ್ನೊಂದು, ಅದು ರಿವರ್. ಫ್ಲಾಪ್‌ಗೆ ಮುಂಚೆ ಒಂದು ಸುತ್ತು ಬೆಟ್ಟಿಂಗ್, ಪ್ರತಿ ಹಂತದ ನಂತರ ಒಂದೊಂದು ಸುತ್ತು. ಒಟ್ಟು ನಾಲ್ಕು ಸುತ್ತು. ಪ್ರತಿ ಹಂತಕ್ಕೂ ಮೊದಲು ಮೇಲಿನ ಒಂದು ಎಲೆಯನ್ನು ನೋಡದೆ ಪಕ್ಕಕ್ಕೆ ಸರಿಸುತ್ತಾರೆ. ಅದನ್ನು ಬರ್ನ್ ಮಾಡುವುದು ಅಂತಾರೆ. ಮೇಲಿನ ಎಲೆಯ ಹಿಂಬದಿಯಲ್ಲಿ ಗೀರೋ ಕಲೆಯೋ ಇದ್ದು ಯಾರಾದರೂ ಗುರುತು ಹಿಡಿದಿದ್ದರೆ ಅದು ಉಪಯೋಗಕ್ಕೆ ಬಾರದಿರಲಿ ಅಂತ ಈ ಪದ್ಧತಿ.

ಇನ್ನು ಸರದಿ. ಮೇಜಿನ ಮೇಲೆ ಬಟನ್ ಅಂತ ಒಂದು ಬಿಲ್ಲೆ ಇರುತ್ತದೆ. ನಾನು ಬಾಟಲಿ ಮುಚ್ಚಳ ತಂದಿದ್ದೇನೆ. ಯಾರ ಮುಂದೆ ಅದಿದೆಯೋ ಅವರೇ ಆ ಆಟದ ಡೀಲರ್ ಅಂತ ಲೆಕ್ಕ, ಎಲೆ ಹಂಚುವವರು ಬೇರೆ ಯಾರೇ ಆಗಿರಲಿ. ಪ್ರತಿ ಆಟ ಮುಗಿದ ಮೇಲೆ ಬಟನ್ ಎಡಗಡೆಗೆ ಒಂದು ಜಾಗ ಸರಿಯುತ್ತದೆ. ಬಟನ್‌ನ ಎಡಕ್ಕೆ ಕೂತವರು ಸ್ಮಾಲ್ ಬ್ಲೈಂಡ್, ಅವರ ಎಡಕ್ಕೆ ಕೂತವರು ಬಿಗ್ ಬ್ಲೈಂಡ್. ಇವರಿಬ್ಬರೂ ಎಲೆ ಬರುವ ಮುಂಚೆಯೇ ಬೀಜ ಹಾಕಬೇಕು. ನಮ್ಮ ಆಟದಲ್ಲಿ ಒಂದು ಮತ್ತು ಎರಡು. ಮೂರೆಲೆ ಆಡಿದವರಿಗೆ ಬ್ಲೈಂಡ್ ಅಂದ ತಕ್ಷಣ ಎಲೆ ನೋಡದೆ ಆಡುವುದು ನೆನಪಾಗುತ್ತದೆ. ಇಲ್ಲಿ ಹಾಗಲ್ಲ. ಎಲೆ ಬಂದ ಮೇಲೆ ಎಲ್ಲರೂ ನೋಡಿಯೇ ಆಡುತ್ತಾರೆ. ನೋಡದೆ ಆಡಿದವರಿಗೆ ಅರ್ಧ ರೇಟಿನ ರಿಯಾಯಿತಿಯೂ ಇಲ್ಲಿ ಇಲ್ಲ.

ಸರದಿ ಬಂದಾಗ ಮಾಡಬಹುದಾದ್ದು ಸ್ವಲ್ಪವೇ. ನಿಮಗಿಂತ ಮುಂಚೆ ಆ ಸುತ್ತಿನಲ್ಲಿ ಯಾರೂ ಬೀಜ ಹಾಕಿಲ್ಲದಿದ್ದರೆ ನೀವು ಚೆಕ್ ಅನ್ನಬಹುದು, ಅಂದರೆ ಏನೂ ಹಾಕದೆ ಮುಂದಕ್ಕೆ ಕಳಿಸುವುದು. ಇಲ್ಲವೇ ಬೆಟ್ ಮಾಡಬಹುದು. ಯಾರಾದರೂ ಆಗಲೇ ಹಾಕಿದ್ದರೆ ಚೆಕ್ ಇಲ್ಲ. ಆಗ ಅಷ್ಟೇ ಹಾಕಿ ಕಾಲ್ ಮಾಡಬೇಕು, ಜಾಸ್ತಿ ಹಾಕಿ ರೇಸ್ ಮಾಡಬೇಕು, ಅಥವಾ ಎಲೆ ಬಿಟ್ಟು ಫೋಲ್ಡ್ ಮಾಡಬೇಕು. ಆಟದಲ್ಲಿ ಉಳಿದ ಎಲ್ಲರೂ ಸಮ ಹಾಕುವವರೆಗೆ ಸುತ್ತು ಮುಗಿಯುವುದಿಲ್ಲ. ರೇಸ್ ಮಾಡುವುದಾದರೆ ಹಿಂದಿನವರು ಎಷ್ಟು ಏರಿಸಿದ್ದರೋ ಕನಿಷ್ಠ ಅಷ್ಟಾದರೂ ಏರಿಸಬೇಕು. ನೋ ಲಿಮಿಟ್ ಆಟದಲ್ಲಿ ಮೇಲಿನ ಮಿತಿ ನಿಮ್ಮ ಮುಂದಿರುವ ರಾಶಿ ಮಾತ್ರ. ಅಷ್ಟನ್ನೂ ತಳ್ಳಿದರೆ ಆಲ್ ಇನ್.

ಬಾಯಲ್ಲಿ ಹೇಳಿದ್ದು ಸಾಕು, ಆಡೋಣ. ಮುಂದಿನ ಸಾಲಿನಿಂದ ನಾಲ್ಕು ಜನ ಬನ್ನಿ. ಈ ಕಾಲೇಜು ಹುಡುಗನ ಮುಂದೆ ಬಟನ್. ಅವನ ಎಡಕ್ಕೆ ಮೇಷ್ಟ್ರು, ಅವರು ಒಂದು ಬೀಜ ಹಾಕಿದರು. ಅವರ ಎಡಕ್ಕೆ ಬ್ಯಾಂಕಿನ ಮೇಡಂ, ಅವರು ಎರಡು. ನಾಲ್ಕನೆಯವರು ದಿನಸಿ ಅಂಗಡಿ ಯಜಮಾನರು. ಎಲೆ ಹಾಕಾಯ್ತು. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಈ ಕಟ್ಟನ್ನು ನಾನು ಮನೆಯಲ್ಲೇ ಜೋಡಿಸಿಟ್ಟುಕೊಂಡು ಬಂದಿದ್ದೇನೆ. ಇಲ್ಲದಿದ್ದರೆ ಒಂದೇ ಆಟದಲ್ಲಿ ಇಷ್ಟೆಲ್ಲ ತೋರಿಸೋಕೆ ಆಗ್ತಿರಲಿಲ್ಲ.

ಮೊದಲ ಸುತ್ತಿನಲ್ಲಿ ಮಾತ್ರ ಬಿಗ್ ಬ್ಲೈಂಡ್‌ನ ಎಡಕ್ಕೆ ಇರುವವರಿಂದ ಶುರು. ಅಂದರೆ ಅಂಗಡಿಯವರು. ಅವರು ಎಲೆ ನೋಡಿದರು, ಮುಖ ಸಿಂಡರಿಸಿದರು, ಬಿಟ್ಟರು. ಹುಡುಗ ಆರು ಬೀಜಕ್ಕೆ ರೇಸ್ ಮಾಡಿದ. ಮೇಷ್ಟ್ರು ಆಗಲೇ ಒಂದು ಹಾಕಿದ್ದಾರೆ, ಇನ್ನೈದು ಸೇರಿಸಿ ಕಾಲ್ ಮಾಡಿದರು. ಮೇಡಂ ಇನ್ನು ನಾಲ್ಕು ಸೇರಿಸಿದರು. ನಡುವೆ 18 ಬೀಜ ಆಯ್ತು. ಇದಕ್ಕೆ ಪಾಟ್ ಅಂತಾರೆ. ಯಾರೂ ರೇಸ್ ಮಾಡದೆ ಬರೀ ಎರಡೆರಡು ಹಾಕಿದ್ದರೆ? ಆಗ ಕೊನೆಗೆ ಮೇಡಂಗೆ ಚೆಕ್ ಅನ್ನುವ ಅಥವಾ ಏರಿಸುವ ಹಕ್ಕು ಇರುತ್ತಿತ್ತು. ಅವರ ಎರಡು ಬೀಜ ಆಗಲೇ ಒಳಗಿದೆಯಲ್ವಾ.

ಫ್ಲಾಪ್ ಬಂತು. ಆಟೀನ್ ರಾಜ, ಇಸ್ಪೀಟ್ ಎಂಟು, ಆಟೀನ್ ನಾಲ್ಕು. ಇಲ್ಲಿಂದ ಮುಂದಕ್ಕೆ ಬಟನ್‌ನ ಎಡಕ್ಕೆ ಇರುವವರೇ ಮೊದಲು ಮಾತಾಡಬೇಕು. ಮೇಷ್ಟ್ರು ಚೆಕ್ ಅಂದರು. ಮೇಡಂ ಹತ್ತು ಬೆಟ್ ಮಾಡಿದರು. ಹುಡುಗ ಕಾಲ್. ಮೇಷ್ಟ್ರೂ ಕಾಲ್. ಪಾಟ್ 48. ನೋಡಿ, ಬಟನ್ ಹುಡುಗನ ಹತ್ತಿರ ಇರುವುದರಿಂದ ಫ್ಲಾಪ್ ನಂತರ ಅವನು ಯಾವಾಗಲೂ ಕೊನೆಗೆ ಮಾತಾಡುತ್ತಾನೆ. ಉಳಿದವರು ಏನು ಮಾಡಿದರು ಅಂತ ನೋಡಿಕೊಂಡು ತೀರ್ಮಾನ ಮಾಡಬಹುದು. ಮೇಜಿನಲ್ಲಿ ಎಲ್ಲಕ್ಕಿಂತ ಲಾಭದ ಜಾಗ ಅದೇ. ಅನುಭವ ಇರುವವರು ಬಟನ್‌ನಲ್ಲಿ ಕೂತಾಗ ಜಾಸ್ತಿ ಕೈ ಆಡುತ್ತಾರೆ. ಮೊದಲು ಮಾತಾಡುವ ಜಾಗದಲ್ಲಿ ಅದೇ ಎಲೆಗಳನ್ನು ಬಿಟ್ಟುಬಿಡುತ್ತಾರೆ. ಹೊಸಬರು ಎಲೆ ನೋಡುತ್ತಾರೆಯೇ ಹೊರತು ಕೂತ ಜಾಗ ನೋಡುವುದಿಲ್ಲ.

ಟರ್ನ್: ಕ್ಲಾವರ್ ಎರಡು. ಮೇಷ್ಟ್ರು ಚೆಕ್. ಮೇಡಂ 24 ಬೆಟ್. ಈಗ ಹುಡುಗ ಯೋಚನೆ ಮಾಡ್ತಾ ಇದ್ದಾನೆ. ನಿಮಗೆಲ್ಲ ಅವನ ಎಲೆ ತೋರಿಸ್ತೀನಿ, ಮೇಡಂ ನೀವು ಆ ಕಡೆ ತಿರುಗಿ. ಮೇಷ್ಟ್ರೇ ನೀವೂ. ಆಟೀನ್ ಎಕ್ಕ, ಆಟೀನ್ ಗುಲಾಮ. ನಡುವೆ ಎರಡು ಆಟೀನ್ ಇದೆ. ಇನ್ನೊಂದು ಆಟೀನ್ ಬಂದರೆ ಐದೂ ಒಂದೇ ಗುರುತು, ಫ್ಲಶ್. ಇರುವುದು 13 ಆಟೀನ್, ಅವನು ನೋಡಿರುವುದು ನಾಲ್ಕು, ಉಳಿದದ್ದು ಒಂಬತ್ತು. ಅವನು ನೋಡದ ಎಲೆ ಒಟ್ಟು 46. ಅಂದರೆ 46ರಲ್ಲಿ ಒಂಬತ್ತು ಅವನಿಗೆ ಬೇಕಾದವು. ಐದಕ್ಕೆ ಒಂದಕ್ಕಿಂತ ಚೂರು ಕಡಿಮೆ.

ಈಗ ಬೀಜದ ಲೆಕ್ಕ. ನಡುವೆ 48, ಮೇಡಂ ಹಾಕಿದ 24, ಒಟ್ಟು 72. ಅವನು 24 ಹಾಕಿದರೆ ಪಾಟ್ 96 ಆಗುತ್ತದೆ. ಅಂದರೆ ಪಾಟ್‌ನ ಕಾಲು ಭಾಗ ಅವನು ಹಾಕಬೇಕು. ನಾಲ್ಕು ಸಲಕ್ಕೆ ಒಂದು ಸಲವಾದರೂ ಗೆದ್ದರೆ ಮಾತ್ರ ಇದು ಸಮ. ಅವನು ಗೆಲ್ಲುವುದು ಐದಕ್ಕೆ ಒಂದು ಸಲ. ಲೆಕ್ಕದ ಪ್ರಕಾರ ಬಿಡಬೇಕು. ಹಾಕೋದಕ್ಕೆ ಒಂದೇ ಕಾರಣ ಇದೆ. ಫ್ಲಶ್ ಬಂದ ಮೇಲೆ ಮೇಡಂ ಹತ್ತಿರ ಇನ್ನಷ್ಟು ಬೀಜ ಕೀಳಬಹುದು ಅನ್ನುವ ಭರವಸೆ. ಪೋಕರ್‌ನಲ್ಲಿ ಲೆಕ್ಕ ಅಂತ ಹೆದರಿಸುತ್ತಾರಲ್ಲ, ಬಹಳಷ್ಟು ಇಷ್ಟೇ. ಹಾಕೋದು ಎಷ್ಟರಲ್ಲಿ ಎಷ್ಟು ಪಾಲು, ಗೆಲ್ಲೋದು ಎಷ್ಟಕ್ಕೆ ಎಷ್ಟು ಸಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋದು.

ಹುಡುಗ ಹಾಕೇಬಿಟ್ಟ. ಹಾಕ್ತಾನೆ ಅಂತ ಗೊತ್ತಿತ್ತು, ವಯಸ್ಸು! ಮೇಷ್ಟ್ರು ಇಬ್ಬರ ಮುಖವನ್ನೂ ನೋಡಿ ರಾಜ ರಾಣಿ ಎರಡನ್ನೂ ಬಿಟ್ಟರು. ಅವರ ಹತ್ತಿರ ರಾಜನ ಜೋಡಿ ಇತ್ತು, ಒಳ್ಳೆ ಕೈಯೇ. ಆದರೆ ಒಬ್ಬರು ಎರಡು ಸಲ ಬೆಟ್ ಮಾಡಿ, ಇನ್ನೊಬ್ಬರು ಎರಡು ಸಲ ಹೂಂ ಅಂದ ಮೇಲೆ ಒಂದು ಜೋಡಿಯ ಬೆಲೆ ಎಷ್ಟು ಅಂತ ಅವರಿಗೆ ಹೊಳೆದಿದೆ. ಮೂವತ್ತು ವರ್ಷ ಪಾಠ ಹೇಳಿದವರು, ಮುಖ ಓದೋದು ಕಷ್ಟವೇ?

ರಿವರ್: ಆಟೀನ್ ಎರಡು. ಹುಡುಗನ ಕಿವಿ ಕೆಂಪಾಯ್ತು, ನೋಡಿದಿರಾ? ಮೇಡಂ ಉಳಿದ ಅರವತ್ತೂ ಬೀಜ ತಳ್ಳಿ ಆಲ್ ಇನ್ ಅಂದರು. ಹುಡುಗ ಅವರ ಮಾತು ಮುಗಿಯೋ ಮುಂಚೆ ಕಾಲ್ ಅಂದ. ಪಾಟ್ 216. ಕೊನೆಯ ಸುತ್ತಿನಲ್ಲಿ ಬೆಟ್ ಮಾಡಿದವರೇ ಮೊದಲು ತೋರಿಸಬೇಕು. ಮೇಡಂ, ತೋರಿಸಿ. ಕ್ಲಾವರ್ ಎಂಟು, ಡೈಮಂಡ್ ಎಂಟು. ನಡುವಿನ ಎಂಟು ಸೇರಿ ಮೂರು ಎಂಟು, ಜೊತೆಗೆ ಎರಡರ ಜೋಡಿ. ಫುಲ್ ಹೌಸ್. ಹುಡುಗನದ್ದು ಎಕ್ಕದ ಫ್ಲಶ್. ಫುಲ್ ಹೌಸ್ ಗೆಲ್ಲುತ್ತದೆ. ಅವನು ಕಾದಿದ್ದ ಎಲೆಯೇ ಅವರ ಕೈಯನ್ನೂ ತುಂಬಿತು.

ಈಗ ಪಟ್ಟಿಯ ಹೊತ್ತು ಬಂತು. ಫುಲ್ ಹೌಸ್ ಯಾಕೆ ದೊಡ್ಡದು? ಯಾರೋ ಕೂತು ಮನಸ್ಸಿಗೆ ಬಂದಂತೆ ಬರೆದದ್ದಲ್ಲ. 52 ಎಲೆಗಳಿಂದ ಐದನ್ನು 25,98,960 ರೀತಿ ಆರಿಸಬಹುದು. ಅದರಲ್ಲಿ ಅಪರೂಪವಾದದ್ದು ಮೇಲೆ, ಸಾಮಾನ್ಯವಾದದ್ದು ಕೆಳಗೆ. ಒಂದೇ ಗುರುತಿನ ಐದು ಎಲೆ ಸಾಲಾಗಿ ಬಂದರೆ ಸ್ಟ್ರೇಟ್ ಫ್ಲಶ್, ಅದು ಬರೀ 40 ರೀತಿ. ಅದರಲ್ಲಿ ಹತ್ತರಿಂದ ಎಕ್ಕದವರೆಗಿನ ನಾಲ್ಕಕ್ಕೆ ರಾಯಲ್ ಫ್ಲಶ್ ಅಂತ ಹೆಸರು. ಅದರ ಕೆಳಗೆ ಒಂದೇ ನಂಬರಿನ ನಾಲ್ಕು ಎಲೆ, 624 ರೀತಿ. ಆಮೇಲೆ ಫುಲ್ ಹೌಸ್, 3,744. ಆಮೇಲೆ ಫ್ಲಶ್, 5,108. ಆಮೇಲೆ ಸ್ಟ್ರೇಟ್, ಅಂದರೆ ಗುರುತು ಬೇರೆ ಬೇರೆ ಇದ್ದು ಸಾಲಾಗಿ ಬಂದದ್ದು, 10,200. ಅಲ್ಲಿಂದ ಕೆಳಕ್ಕೆ ಮೂರು ಒಂದೇ ನಂಬರು, ಎರಡು ಜೋಡಿ, ಒಂದು ಜೋಡಿ, ಕೊನೆಗೆ ಏನೂ ಇಲ್ಲದೆ ಬರೀ ದೊಡ್ಡ ಎಲೆ.

ಮೂರೆಲೆಯವರು ಎಡವುವುದು ಇಲ್ಲಿ. ನಿಮ್ಮ ಆಟದಲ್ಲಿ ಸೀಕ್ವೆನ್ಸ್, ಅಂದರೆ ಸಾಲಾಗಿ ಬಂದದ್ದು, ಒಂದೇ ಗುರುತಿನ ಕಲರ್‌ಗಿಂತ ದೊಡ್ಡದು. ಪೋಕರ್‌ನಲ್ಲಿ ಉಲ್ಟಾ. ಎರಡೂ ಸರಿಯೇ. ಮೂರೇ ಎಲೆಯಲ್ಲಿ ಸೀಕ್ವೆನ್ಸ್ 720 ರೀತಿ ಬರುತ್ತದೆ, ಕಲರ್ 1,096 ರೀತಿ. ಅಲ್ಲಿ ಸೀಕ್ವೆನ್ಸ್ ಅಪರೂಪ. ಐದೆಲೆ ಆದ ಕೂಡಲೇ ಫ್ಲಶ್ ಅಪರೂಪ ಆಗಿಬಿಡುತ್ತದೆ. ಇದೇ ಲೆಕ್ಕ ಹಿಡಿದು ಹೋದರೆ ಮೂರೆಲೆ ಆಟದಲ್ಲೇ ಒಂದು ತಮಾಷೆ ಸಿಗುತ್ತದೆ. ಟ್ರಯಲ್, ಅಂದರೆ ಮೂರೂ ಒಂದೇ ನಂಬರು, 52 ರೀತಿ ಬರುತ್ತದೆ. ಪ್ಯೂರ್ ಸೀಕ್ವೆನ್ಸ್, ಅಂದರೆ ಒಂದೇ ಗುರುತಿನ ಸಾಲು, 48 ರೀತಿ ಮಾತ್ರ. ಆದರೂ ಟ್ರಯಲ್ಲೇ ಮೇಲೆ! ನಮ್ಮವರಿಗೆ ಮೂರು ಎಕ್ಕದ ಮೇಲೆ ಅಷ್ಟು ಪ್ರೀತಿ.

ಪೋಕರ್‌ನವರೂ ಪೂರ್ತಿ ಲೆಕ್ಕಕ್ಕೆ ನಿಂತಿಲ್ಲ ಬಿಡಿ. ಈ ಪಟ್ಟಿ ಐದೆಲೆಯ ಲೆಕ್ಕದ್ದು. ಹೋಲ್ಡೆಮ್‌ನಲ್ಲಿ ನಾವು ನೋಡೋದು ಏಳೆಲೆ. ಏಳೆಲೆಯಲ್ಲಿ ಒಂದು ಜೋಡಿ ನೂರಕ್ಕೆ ಸುಮಾರು 44 ಸಲ ಆಗುತ್ತದೆ. ಏನೂ ಆಗದಿರುವುದು ಸುಮಾರು 17 ಸಲ ಮಾತ್ರ. ಅಂದರೆ ಏನೂ ಇಲ್ಲದ ಕೈಯೇ ಅಪರೂಪ. ಆದರೂ ಅದಕ್ಕೆ ಕೊನೆಯ ಜಾಗವೇ. ಏನೂ ಇಲ್ಲದವನಿಗೆ ಬಹುಮಾನ ಕೊಡೋಕೆ ಯಾವ ಆಟದವರೂ ಒಪ್ಪೋದಿಲ್ಲ.

ಎಕ್ಕ ಸಾಲಿನ ಎರಡೂ ತುದಿಗೆ ಕೂರುತ್ತದೆ. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ದೊಡ್ಡ ಸ್ಟ್ರೇಟ್. ಎಕ್ಕ, ಎರಡು, ಮೂರು, ನಾಲ್ಕು, ಐದು ಎಲ್ಲಕ್ಕಿಂತ ಚಿಕ್ಕದು. ರಾಣಿ, ರಾಜ, ಎಕ್ಕ, ಎರಡು, ಮೂರು ಅಂತ ಸುತ್ತಿಕೊಂಡು ಬರೋ ಹಾಗಿಲ್ಲ. ಇಸ್ಪೀಟ್ ದೊಡ್ಡದು, ಕ್ಲಾವರ್ ಚಿಕ್ಕದು ಅನ್ನೋ ಭೇದವೂ ಇಲ್ಲ. ನಾಲ್ಕು ಗುರುತೂ ಸಮ.

ಇಬ್ಬರ ಹತ್ತಿರ ಒಂದೇ ಜೋಡಿ ಇದ್ದರೆ? ನಡುವೆ ಎಕ್ಕ, ಹತ್ತು, ಏಳು, ಐದು, ಎರಡು ಇದೆ ಅಂದುಕೊಳ್ಳಿ. ನಿಮ್ಮ ಹತ್ತಿರ ಎಕ್ಕ ರಾಜ, ನನ್ನ ಹತ್ತಿರ ಎಕ್ಕ ಒಂಬತ್ತು. ಇಬ್ಬರಿಗೂ ಎಕ್ಕದ ಜೋಡಿ. ಪಕ್ಕದ ಎಲೆ ನೋಡಬೇಕು, ಅದು ಕಿಕ್ಕರ್. ನಿಮ್ಮ ರಾಜ ಗೆಲ್ಲುತ್ತಾನೆ. ಈಗ ನಡುವೆ ಎಕ್ಕ, ಎಕ್ಕ, ರಾಜ, ರಾಣಿ, ಎಂಟು ಇದ್ದು, ನಿಮ್ಮ ಹತ್ತಿರ ಎಕ್ಕ ಐದು, ನನ್ನ ಹತ್ತಿರ ಎಕ್ಕ ಮೂರು ಇದ್ದರೆ? ಐದು ಮೂರಕ್ಕಿಂತ ದೊಡ್ಡದು ಅಂತ ಪಾಟ್‌ಗೆ ಕೈ ಹಾಕಬೇಡಿ. ಲೆಕ್ಕಕ್ಕೆ ಬರೋದು ಐದೇ ಎಲೆ. ಇಬ್ಬರದ್ದೂ ಮೂರು ಎಕ್ಕ, ರಾಜ, ರಾಣಿ. ಪಾಟ್ ಅರ್ಧ ಅರ್ಧ. ಮನೆ ಆಟಗಳಲ್ಲಿ ಜಗಳ ಆಗೋದು ಬಹುಪಾಲು ಇದೇ ಜಾಗದಲ್ಲಿ. ಅದೇ ರೀತಿ ಮೂರು ಜೋಡಿ ಅನ್ನುವ ಕೈಯೂ ಇಲ್ಲ. ದೊಡ್ಡ ಎರಡು ಜೋಡಿ, ಮತ್ತೊಂದು ಎಲೆ, ಅಷ್ಟೇ.

ಇನ್ನೊಂದು ನಿಯಮ ನನಗೆ ತುಂಬಾ ಇಷ್ಟ. ಆಟ ಶುರುವಾದಾಗ ನಿಮ್ಮ ಮುಂದೆ ಮೇಜಿನ ಮೇಲೆ ಎಷ್ಟಿದೆಯೋ ಅಷ್ಟೇ ಆ ಆಟಕ್ಕೆ. ನಡುವೆ ಜೇಬಿಗೆ ಕೈ ಹಾಕೋ ಹಾಗಿಲ್ಲ, ಉಂಗುರ ಬಿಚ್ಚೋ ಹಾಗಿಲ್ಲ, ಮನೆ ಪತ್ರ ತರೋ ಹಾಗಿಲ್ಲ. ಇದು ಟೇಬಲ್ ಸ್ಟೇಕ್ಸ್. ಶಕುನಿಯ ಪಗಡೆ ಹಾಸಿನ ಮುಂದೆ ಈ ಒಂದು ನಿಯಮ ಇದ್ದಿದ್ದರೆ ಧರ್ಮರಾಯ ಬಹಳ ಬೇಗ ಎದ್ದು ಮನೆಗೆ ಹೋಗಿರುತ್ತಿದ್ದ. ಇದಕ್ಕೆ ಇನ್ನೊಂದು ಮುಖವೂ ಇದೆ. ಎದುರಿನವರು ನಿಮ್ಮ ಹತ್ತಿರ ಇರೋದಕ್ಕಿಂತ ಜಾಸ್ತಿ ಬೆಟ್ ಮಾಡಿ ನಿಮ್ಮನ್ನು ಹೊರಗೆ ಹಾಕೋಕೂ ಆಗೋದಿಲ್ಲ. ಇರೋದಷ್ಟನ್ನು ಹಾಕಿ ಕೊನೆಯವರೆಗೂ ಕೂರಬಹುದು.

ಅದು ಹೇಗೆ ಅಂದರೆ, ನನ್ನ ಹತ್ತಿರ 30 ಬೀಜ, ನಿಮ್ಮಿಬ್ಬರ ಹತ್ತಿರ ನೂರು ನೂರು. ಮೂವರೂ ಇದ್ದದ್ದನ್ನೆಲ್ಲ ಹಾಕಿದೆವು. ಒಬ್ಬೊಬ್ಬರಿಂದ 30 ತೆಗೆದು 90 ಬೀಜ ಒಂದು ಕಡೆ. ಅದು ಮೇನ್ ಪಾಟ್, ಮೂವರಿಗೂ ಹಕ್ಕು. ನಿಮ್ಮಿಬ್ಬರ ಉಳಿದ 70, 70 ಸೇರಿ 140 ಇನ್ನೊಂದು ಕಡೆ. ಅದು ಸೈಡ್ ಪಾಟ್, ನಾನು ಅದನ್ನು ಮುಟ್ಟೋ ಹಾಗಿಲ್ಲ. ನನ್ನ ಕೈ ಎಲ್ಲಕ್ಕಿಂತ ದೊಡ್ಡದಾದರೂ ನನಗೆ 90 ಮಾತ್ರ. 140 ನಿಮ್ಮಿಬ್ಬರಲ್ಲಿ ಗೆದ್ದವರಿಗೆ. ಇದನ್ನು ಬೆಟ್ ಆಗುತ್ತಿರುವಾಗಲೇ ಬೇರೆ ಬೇರೆ ರಾಶಿ ಮಾಡಿಡಿ. ಕೊನೆಗೆ ಬಿಡಿಸೋಕೆ ಕೂತರೆ ರಾತ್ರಿ ಊಟ ತಪ್ಪುತ್ತೆ.

ಬೆಟ್ಟಿಂಗ್ ಮೊದಲು ಅಂತ ಯಾಕೆ ಹಟ ಹಿಡಿದೆ ಅನ್ನೋದಕ್ಕೆ ಒಂದು ನಿಜವಾದ ಆಟ ಹೇಳ್ತೀನಿ. 2003ರ ವರ್ಲ್ಡ್ ಸೀರೀಸ್‌ನ ಮುಖ್ಯ ಪಂದ್ಯ. ಸೇರುವ ಶುಲ್ಕ 10,000 ಡಾಲರ್, 839 ಜನ. ಕೊನೆಗೆ ಉಳಿದದ್ದು ಇಬ್ಬರು. ಒಬ್ಬರು ಸ್ಯಾಮ್ ಫರ್ಹಾ, ಪಳಗಿದ ವೃತ್ತಿಪರ ಆಟಗಾರ. ಇನ್ನೊಬ್ಬರು ಕ್ರಿಸ್ ಮನಿಮೇಕರ್, ಟೆನೆಸ್ಸಿಯ ಅಕೌಂಟೆಂಟ್. ಅದು ಅವರ ನಿಜವಾದ ಹೆಸರೇ. ಇಂಟರ್ನೆಟ್‌ನಲ್ಲಿ ಅಗ್ಗದ ಅರ್ಹತಾ ಆಟ ಗೆದ್ದು ಅಲ್ಲಿಗೆ ಬಂದಿದ್ದರು.

ಒಂದು ಆಟದಲ್ಲಿ ಮನಿಮೇಕರ್ ಕೈಯಲ್ಲಿ ಇಸ್ಪೀಟ್ ರಾಜ, ಆಟೀನ್ ಏಳು. ಫರ್ಹಾ ಕೈಯಲ್ಲಿ ರಾಣಿ ಮತ್ತು ಒಂಬತ್ತು. ಟರ್ನ್‌ವರೆಗೆ ನಡುವೆ ಬಂದದ್ದು ಒಂಬತ್ತು, ಎರಡು, ಆರು, ಎಂಟು. ಅದರಲ್ಲಿ ಮೂರು ಇಸ್ಪೀಟ್. ಫರ್ಹಾಗೆ ಒಂಬತ್ತರ ಜೋಡಿ. ಮನಿಮೇಕರ್‌ಗೆ ಇನ್ನೊಂದು ಇಸ್ಪೀಟ್ ಬಂದರೆ ಫ್ಲಶ್, ಐದೋ ಹತ್ತೋ ಬಂದರೆ ಸ್ಟ್ರೇಟ್. ರಿವರ್‌ನಲ್ಲಿ ಬಂದದ್ದು ಆಟೀನ್ ಮೂರು. ಯಾವುದೂ ಆಗಲಿಲ್ಲ. ಕೈಯಲ್ಲಿ ಬರೀ ರಾಜ. ಆಗ ಅವರು ಇದ್ದದ್ದನ್ನೆಲ್ಲ ನಡುವೆ ತಳ್ಳಿದರು. ಫರ್ಹಾ ತುಂಬಾ ಹೊತ್ತು ಕೂತು ಯೋಚಿಸಿ, ಎದುರಿನವರ ಮುಖ ನೋಡಿ, ಜೋಡಿಯನ್ನು ಬಿಟ್ಟರು. ಪಟ್ಟಿಯ ಪ್ರಕಾರ ಗೆಲ್ಲಬೇಕಾದ ಕೈ ಅದು. ಅದಾದ ಮೇಲೆ ಮನಿಮೇಕರ್ ಪಂದ್ಯವನ್ನೇ ಗೆದ್ದರು, 25 ಲಕ್ಷ ಡಾಲರ್. ಮರುವರ್ಷಗಳಲ್ಲಿ ಜಗತ್ತಿನ ಎಲ್ಲ ಕಡೆ ಹೊಸಬರು ಈ ಆಟಕ್ಕೆ ನುಗ್ಗಿದರು. ಹೀಗೆ ಕೈಯಲ್ಲಿ ಏನೂ ಇಲ್ಲದೆ ಬೆಟ್ ಮಾಡಿ ಹೆದರಿಸೋದಕ್ಕೆ ಬ್ಲಫ್ ಅಂತಾರೆ. ಹಾಗಂತ ನೀವು ನಾಳೆಯಿಂದಲೇ ಬ್ಲಫ್ ಶುರು ಮಾಡಬೇಡಿ. ಹೊಸಬರ ಮೇಜಿನಲ್ಲಿ ಬ್ಲಫ್ ನಡೆಯೋದಿಲ್ಲ, ಯಾಕಂದ್ರೆ ಹೊಸಬರಿಗೆ ಎಲೆ ಬಿಡೋದೇ ಗೊತ್ತಿರೋದಿಲ್ಲ.

ಮೇಜಿನ ರೀತಿ ರಿವಾಜು ಒಂದೆರಡು. ಸರದಿ ಬರುವ ಮುಂಚೆ ಬಾಯಿ ಬಿಡಬೇಡಿ. ನೀವು ಬಿಡುವುದು ಮೊದಲೇ ಗೊತ್ತಾದರೆ ನಿಮಗಿಂತ ಮುಂಚೆ ಆಡುವವರಿಗೆ ಪುಕ್ಕಟೆ ಲಾಭ. ರೇಸ್ ಮಾಡುವುದಾದರೆ ಎಷ್ಟು ಅಂತ ಬಾಯಲ್ಲಿ ಹೇಳಿ, ಇಲ್ಲವೇ ಒಂದೇ ಸಲಕ್ಕೆ ಬೀಜ ಮುಂದಿಡಿ. ಮೊದಲು ಹತ್ತು ಇಟ್ಟು, ಎದುರಿನವರ ಮುಖ ನೋಡಿ, ಆಮೇಲೆ ಇನ್ನು ಇಪ್ಪತ್ತು ಅನ್ನೋದು ನಡೆಯೋದಿಲ್ಲ. ಎಲೆ ಬಿಟ್ಟ ಮೇಲೆ ಆಟ ನಡೆಯುವಾಗ ಅಯ್ಯೋ ನನ್ನ ಹತ್ತಿರ ಎಂಟು ಇತ್ತು ಅಂತ ಕೂಗೋದು ದೊಡ್ಡ ತಪ್ಪು. ನಮ್ಮ ಕಡೆ ರಮ್ಮಿ ಆಡುವಾಗ ಹಿಂದೆ ನಿಂತು ಸಲಹೆ ಕೊಡುವವರು ಇರ್ತಾರಲ್ಲ, ಅವರಿಗೆ ಇಲ್ಲಿ ಜಾಗ ಇಲ್ಲ. ಒಂದು ಕೈಯನ್ನು ಒಬ್ಬರೇ ಆಡಬೇಕು.

ಕಾನೂನಿನ ಮಾತು ಎರಡೇ ನಿಮಿಷ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿ ಮೂರೆಲೆಯಂತೆ ಬರೀ ಅದೃಷ್ಟದ ಆಟವಲ್ಲ, ಅದಕ್ಕೆ ಜಾಣತನ ಬೇಕು ಅಂತ ಹೇಳಿತು. ಪೋಕರ್ ಯಾವ ಕಡೆಗೆ ಅನ್ನುವ ವಾದ ಹೈಕೋರ್ಟುಗಳಲ್ಲಿ ಬಹಳ ನಡೆದಿದೆ. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿದರು. ಅದರ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿಯಲ್ಲಿ ನಮ್ಮ ಹೈಕೋರ್ಟ್ ತೆಗೆದುಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ಮಾಡಿತು. ಜಾಣತನದ್ದಾಗಲಿ, ಅದೃಷ್ಟದ್ದಾಗಲಿ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಕ್ಕೆ ಅವಕಾಶ ಇಲ್ಲ ಅಂತ. ಆದ್ದರಿಂದ ಮೊಬೈಲ್‌ನಲ್ಲಿ ದುಡ್ಡಿಟ್ಟು ಆಡಿ ಅಂತ ಯಾರಾದರೂ ಲಿಂಕ್ ಕಳಿಸಿದರೆ ಒತ್ತಬೇಡಿ. ಹುಣಸೆ ಬೀಜಕ್ಕೆ ಸದ್ಯ ಯಾವ ಕಾಯ್ದೆಯೂ ಇಲ್ಲ.

ಇನ್ನು ನಿಮ್ಮ ಪ್ರಶ್ನೆಗಳು.

ಅಂಗಡಿ ಯಜಮಾನರು ಕೇಳಿದರು: "ನನಗೆ ಒಂಬತ್ತು, ಮೂರು ಬಂದಿತ್ತು. ಮೊದಲೇ ಬಿಟ್ಟು ಸುಮ್ನೆ ಕೂತಿದ್ದೆ. ಇದೂ ಒಂದು ಆಟವಾ?"

ಸ್ವಾಮಿ, ನಿಮ್ಮ ಮುಂದಿನ ರಾಶಿ ನೋಡಿ. ನೂರಕ್ಕೆ ನೂರು ಹಾಗೇ ಇದೆ. ಮೇಷ್ಟ್ರು 16 ಕಳೆದುಕೊಂಡರು, ಹುಡುಗ ಎಲ್ಲವನ್ನೂ. ಮೇಡಂ ಬಿಟ್ಟರೆ ಈ ಮೇಜಿನಲ್ಲಿ ಚೆನ್ನಾಗಿ ಆಡಿದವರು ನೀವೇ. ಕೈಗೆ ಎರಡು ಎಕ್ಕ ಬರುವುದು 221 ಆಟಕ್ಕೆ ಸರಾಸರಿ ಒಂದು ಸಲ. ಬರೋ ಎರಡೆಲೆಗಳಲ್ಲಿ ಹೆಚ್ಚಿನವು ಬಿಡೋಕೇ ಇರುವಂಥವು. ಪಳಗಿದವರು ಒಂಬತ್ತು ಜನರ ಮೇಜಿನಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಆಟಗಳನ್ನು ಫ್ಲಾಪ್‌ಗೆ ಮೊದಲೇ ಬಿಡುತ್ತಾರೆ.

ಹಿಂದಿನ ಸಾಲಿನಿಂದ ಒಬ್ಬರು: "ಎಲ್ಲರೂ ಬಿಟ್ಟ ಮೇಲೆ ಗೆದ್ದವರ ಎಲೆ ನೋಡಬೇಕು ಅಂತ ಕೇಳಬಹುದಾ?"

ಕೇಳೋ ಹಾಗಿಲ್ಲ. ನೋಡಬೇಕಿದ್ದರೆ ಬೀಜ ಹಾಕಿ ಕಾಲ್ ಮಾಡಬೇಕಿತ್ತು. ಅವರಾಗಿ ತೋರಿಸಿದರೆ ಬೇರೆ ಮಾತು. ಹಾಗೆ ತೋರಿಸೋದಾದರೆ ಎಲ್ಲರಿಗೂ ತೋರಿಸಬೇಕು, ಪಕ್ಕದವರಿಗೆ ಮಾತ್ರ ಅಲ್ಲ.

"ಕೈಗೆ ನಾಲ್ಕು ಎಲೆ ಹಾಕಿ ಆಡೋದನ್ನು ನೋಡಿದೀನಿ, ಅದೇನು?"

ಅದು ಒಮಾಹಾ. ಹೋಲ್ಡೆಮ್ ಥರವೇ ನಡೆಯುತ್ತದೆ. ಒಂದೇ ದೊಡ್ಡ ವ್ಯತ್ಯಾಸ: ಕೈಯಿಂದ ಎರಡೇ ಎಲೆ, ನಡುವಿನಿಂದ ಮೂರೇ ಎಲೆ ಬಳಸಬೇಕು. ಕಡಿಮೆಯೂ ಇಲ್ಲ, ಜಾಸ್ತಿಯೂ ಇಲ್ಲ. ಕೈಯಲ್ಲಿ ನಾಲ್ಕು ಎಕ್ಕ ಬಂದರೆ ಕುಣಿಯಬೇಡಿ, ಅದರಲ್ಲಿ ಎರಡು ದಂಡ.

ಕೊನೆಗೆ ಮೇಷ್ಟ್ರು: "ಮನೇಲಿ ನಾನು, ನಮ್ಮ ಮನೆಯವರು ಇಬ್ಬರೇ. ಇಬ್ಬರೇ ಆಡಬಹುದಾ?"

ಧಾರಾಳವಾಗಿ ಆಡಬಹುದು, ಮೇಷ್ಟ್ರೇ. ಸರದಿ ಮಾತ್ರ ಸ್ವಲ್ಪ ಬದಲಾಗುತ್ತದೆ. ಇಬ್ಬರೇ ಇದ್ದಾಗ ಬಟನ್ ಇರುವವರೇ ಸ್ಮಾಲ್ ಬ್ಲೈಂಡ್ ಹಾಕಬೇಕು. ಫ್ಲಾಪ್‌ಗೆ ಮುಂಚೆ ಅವರು ಮೊದಲು ಮಾತಾಡುತ್ತಾರೆ, ಫ್ಲಾಪ್ ನಂತರ ಅವರದೇ ಕೊನೆ ಮಾತು. ಪ್ರತಿ ಆಟಕ್ಕೂ ಬಟನ್ ಅತ್ತಿಂದಿತ್ತ ಹೋಗುತ್ತದೆ. ಪ್ರತಿ ಸಲವೂ ಇಬ್ಬರೂ ಬ್ಲೈಂಡ್ ಕಟ್ಟಲೇಬೇಕಾದ್ದರಿಂದ ಅಂಗಡಿಯವರ ಹಾಗೆ ಬಿಡ್ತಾ ಕೂತರೆ ಬೀಜ ಕರಗಿಹೋಗುತ್ತದೆ. ಒಂದು ಎಕ್ಕವೋ ರಾಜನೋ ಬಂದರೂ ಆಡಿ, ಸಣ್ಣ ಜೋಡಿ ಬಂದರೂ ಆಡಿ. ಡಬ್ಬಿ ಬೇಕಿದ್ದರೆ ತಗೊಂಡು ಹೋಗಿ, ಮುಚ್ಚಳವನ್ನೂ ಸೇರಿಸಿ.